ಡಿಎಸ್‌ಪಿ ಕ್ರಾಸೋವರ್ ಜೊತೆ ಮೂರು ವರ್ಷ: ಟ್ವೀಟರಿನ ಆ 'ಸ್ಸ್‌' ಸದ್ದು

ಸ್ಪೀಕರ್ ನಾನೇ ಕಟ್ಟಿದ್ದು. ಪ್ಲೈವುಡ್ ಪೆಟ್ಟಿಗೆ, ನಡುವಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಡೋಮ್ ಟ್ವೀಟರ್, ತೀರಾ ಕೆಳಗಿನ ಬೇಸ್‌ಗೆ ಮೂಲೆಯಲ್ಲಿ ಹತ್ತು ಇಂಚಿನ ಸಬ್. ಸದ್ದನ್ನು ಹೀಗೆ ಪಾಲು ಮಾಡಿ ಒಂದೊಂದಕ್ಕೆ ಕಳಿಸುವುದೇ ಕ್ರಾಸೋವರ್. ಹಳೆಯ ಕ್ರಾಸೋವರ್‌ಗೆ ಕಾಯಿಲ್, ಕೆಪಾಸಿಟರ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಮೂರು ವರ್ಷದ ಹಿಂದೆ ಅದನ್ನೆಲ್ಲ ಕಿತ್ತು ಎರಡು ಇನ್‌ಪುಟ್, ಆರು ಔಟ್‌ಪುಟ್ ಇರುವ ಡಿಎಸ್‌ಪಿ, ಅಂದರೆ ಅದೇ ಪಾಲನ್ನು ಸಾಫ್ಟ್‌ವೇರಿನಲ್ಲಿ ಮಾಡುವ ಪೆಟ್ಟಿಗೆ, ಹಾಕಿದೆ.

ಮೊದಲ ವಾರ ಮನೆಯಲ್ಲಿ ಹಬ್ಬವೇ. 80 ಹರ್ಟ್ಸ್‌ಗಿಂತ ಕೆಳಗಿನದು ಸಬ್‌ಗೆ, 2,200ಕ್ಕಿಂತ ಮೇಲಿನದು ಟ್ವೀಟರಿಗೆ. ಎರಡೂ ಕಡೆ ಒಂದು ಸ್ಥಾಯಿಗೆ (ಆಕ್ಟೇವ್) 24 ಡೆಸಿಬೆಲ್ ಇಳಿಸುವ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್. ನನ್ನ ಕುರ್ಚಿಯಿಂದ ನೋಡಿದರೆ ಸಬ್ ಉಳಿದ ಸ್ಪೀಕರ್‌ಗಳಿಗಿಂತ ಒಂದು ಮೀಟರ್ ದೂರ. ಸದ್ದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತೆ, ಹಾಗಾಗಿ ಮುಂದಿನ ಸ್ಪೀಕರ್‌ಗಳನ್ನು 3 ಮಿಲಿಸೆಕೆಂಡ್ ತಡ ಮಾಡಿದೆ. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಹತ್ತಿರ ಗುಂಯ್ ಅನ್ನುತ್ತಿತ್ತು. ಮೈಕ್ ಇಟ್ಟು ಅಳೆದು ಅಲ್ಲಿ 8 ಡೆಸಿಬೆಲ್ ಇಳಿಸಿದೆ. ಅಷ್ಟೇ. ಬೇಸ್ ಗಿಟಾರಿನ ಸ್ವರಗಳು ಬಿಡಿಬಿಡಿಯಾಗಿ ಕೇಳಿದವು.

ಬೇಜಾರು ಶುರುವಾದದ್ದು ರಾತ್ರಿ ಹತ್ತರ ಮೇಲೆ. ಫ್ಯಾನ್ ಆರಿಸಿದರೆ ಟ್ವೀಟರಿನಿಂದ ಸ್ಸ್‌ ಅಂತ ಸದ್ದು. ಹಾಡು ನಿಂತರೂ ಅದು ನಿಲ್ಲಲ್ಲ. ಆಲಾಪನೆಯಲ್ಲಿ ಬರೀ ತಂಬೂರಿ ಉಳಿಯುವ ಕ್ಷಣ ಇರುತ್ತಲ್ಲ, ಅದನ್ನು ಕೇಳಬೇಕೆಂದೇ ಇಷ್ಟೆಲ್ಲ ಮಾಡಿದ್ದು, ಅಲ್ವಾ? ಮಾರಿದವರು "ಅದು ಹಾಗೇ ಇರುತ್ತೆ ಸಾರ್" ಅಂದುಬಿಟ್ಟರು. ಎಂಟು ತಿಂಗಳು ಸಹಿಸಿಕೊಂಡೆ. ಮಾರಿಬಿಡೋಣ ಅಂತಲೂ ಇದ್ದೆ.

ಕಾರಣ ಕೊನೆಗೆ ಗೊತ್ತಾಯಿತು. ಹಳೆಯ ಕ್ರಾಸೋವರ್‌ನಲ್ಲಿ ಟ್ವೀಟರಿಗೆ ಮೊದಲು ರೆಸಿಸ್ಟರ್ ಇತ್ತು. ಅದು ಆಂಪಿನ, ಅಂದರೆ ಆಂಪ್ಲಿಫೈಯರಿನ, ಸದ್ದನ್ನೂ ನುಂಗುತ್ತಿತ್ತು. ಈಗ ಟ್ವೀಟರ್ ನೇರವಾಗಿ ಆಂಪಿಗೆ ಜೋಡಣೆ. ನನ್ನ ಟ್ವೀಟರ್ ವೂಫರಿಗಿಂತ 6 ಡೆಸಿಬೆಲ್ ಜೋರು, ಅದನ್ನು ಸಾಫ್ಟ್‌ವೇರಿನಲ್ಲಿ ತಗ್ಗಿಸಿದ್ದೆ. ಹಾಡು ತಗ್ಗಿತು, ಆದರೆ ಸ್ಸ್‌ ಹುಟ್ಟುವುದು ಅದರ ನಂತರ. ಅದು ಹೇಗೆ ತಗ್ಗೀತು?

ಹಾಗಾಗಿ ರೆಸಿಸ್ಟರನ್ನೇ ಮತ್ತೆ ಹಾಕಿದೆ: 8 ಓಮ್ ಟ್ವೀಟರಿಗೆ ಸರಣಿಯಲ್ಲಿ 4 ಓಮ್, ಅಡ್ಡಕ್ಕೆ 8 ಓಮ್. ಆ 6 ಡೆಸಿಬೆಲ್ ಈಗ ಇವೇ ಇಳಿಸುತ್ತವೆ. 10 ವಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್‌ಗಳು. ಸಾಫ್ಟ್‌ವೇರಿನ ಕಡಿತ ತೆಗೆದು ಸೊನ್ನೆಗೆ ತಂದೆ. ಟ್ವೀಟರಿನ ಹತ್ತಿರ ಹೋದರೆ ಸ್ವಲ್ಪ ಇದೆ, ಕುರ್ಚಿಯಲ್ಲಿ ಕೂತರೆ ಇಲ್ಲ.

ಖರ್ಚಿನ ಮಾತು: ದುಡ್ಡು ಹೋಗುವುದು ಡಿಎಸ್‌ಪಿ ಪೆಟ್ಟಿಗೆಗಲ್ಲ, ಆಂಪಿಗೆ. ಎರಡು ವೂಫರ್, ಎರಡು ಟ್ವೀಟರ್, ಒಂದು ಸಬ್, ಒಂದೊಂದಕ್ಕೂ ಬೇರೆ ಬೇರೆ ಅಂತ ನನಗೆ ಐದು ಚಾನೆಲ್ ಬೇಕಾಯಿತು. ಕೈಯಲ್ಲಿ ಎರಡು ಚಾನೆಲ್‌ನ ಆಂಪ್ ಮಾತ್ರ ಇದ್ದರೆ ಕಾಯಿಲ್, ಕೆಪಾಸಿಟರೇ ಸಾಕು.

ಬೆಳಿಗ್ಗೆ ಆರಕ್ಕೆ ಹಾಲು ಒಲೆ ಮೇಲಿಟ್ಟು ಬಂದು ಮೊದಲು ಡಿಎಸ್‌ಪಿ ಸ್ವಿಚ್ ಹಾಕುತ್ತೇನೆ. ದೀಪ ಮಿನುಗುವುದು ನಿಂತ ಮೇಲೆ ಆಂಪ್. ರಾತ್ರಿ ಆರಿಸುವಾಗ ಮೊದಲು ಆಂಪ್. ಅದಲುಬದಲಾದರೆ ಟ್ವೀಟರಿನಲ್ಲಿ ಢಬ್ ಅನ್ನುತ್ತೆ, ಅದಕ್ಕೇ 33 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಕಾವಲಿಗೆ ಇಟ್ಟಿದ್ದೇನೆ. ಕೆಳಗಿನ ಮನೆಯವರು ಇನ್ನೂ ಮಲಗಿರುತ್ತಾರೆ, ಹಾಗಾಗಿ ಸಬ್ ತಗ್ಗಿಸಿ ಮೊದಲೇ ಉಳಿಸಿಟ್ಟ ಪ್ರೀಸೆಟ್. ಹಾಡು ಶುರುವಾಗುವ ಮೊದಲು ಗಾಯಕಿ ಉಸಿರೆಳೆದುಕೊಳ್ಳುವುದು ಈಗ ಕೇಳುತ್ತೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ "ಭೈರವಿನಾ?" ಅಂತ ಕೇಳುತ್ತಾರೆ.