1978ರ ಷೆವರ್ಲೆ ಸಿ30 ಕ್ರೂ ಕ್ಯಾಬ್: ಬಣ್ಣ ನೋಡಿ ಮರುಳಾಗಬೇಡಿ

ಟೆಕ್ಸಾಸ್‌ನಲ್ಲಿ ಈ ನಾಲ್ಕು ಬಾಗಿಲಿನ ಪಿಕಪ್ ಕೊಂಡು ಎರಡು ವರ್ಷವಾಯಿತು. ಹೊರಗಿನ ಬಣ್ಣ ಫಳಫಳ ಅಂತಿತ್ತು, ಮನೆಗೆ ತಂದು ಮ್ಯಾಟ್ ಎತ್ತಿದರೆ ಕೆಳಗಿನ ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಪುಡಿಯಾಗುತ್ತಿದೆ, ಮಾರಿದವನು ಕ್ಯಾಬಿನ್ ಮೂಲೆಗಳಿಗೆ ಸುಮ್ನೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದ! ಕೊಳ್ಳುವ ಮೊದಲು ಒಂದು ಅಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ.

350 ವಿ8 (350 ಘನ ಇಂಚಿನ, ಎಂಟು ಸಿಲಿಂಡರ್‌ನ) ಎಂಜಿನ್ ಬಗ್ಗೆ ಚಿಂತೆಯಿಲ್ಲ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಕಾರ್ಬ್ಯುರೇಟರ್ ನಾನೇ ಬಿಚ್ಚಿ ತೊಳೆದೆ. ನಿಜವಾದ ತಲೆನೋವು ಹಿಂದಿನ ಬಾಗಿಲುಗಳದ್ದು. ಮುಂದಿನವು ಸಾಮಾನ್ಯ ಪಿಕಪ್‌ನವೇ ಆಗುತ್ತವೆ, ಹಿಂದಿನವಕ್ಕೆ ಗುಜರಿಗಳನ್ನು ಅಲೆಯಬೇಕು. ಪೆಟ್ರೋಲ್ ಕುಡಿಯುತ್ತದೆ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಆದರೆ ಆರು ಜನ ಆರಾಮಾಗಿ ಕೂರಬಹುದು, ಅಮ್ಮನಿಗೆ ಮಾತ್ರ ಹತ್ತಲು ಸ್ಟೂಲ್ ಬೇಕು.