ಹೋಮ್ ಥಿಯೇಟರ್‌ಗೆ ಸ್ಟೇಜ್ ಆಂಪ್ಲಿಫೈಯರ್ ತಗೊಳ್ಳಾಕ ಹೊಂಟೀರೇನು? ಮೊದ್ಲ ಇದನ್ನ ಓದ್ರಿ

ಇದನ್ನ ಬರೀಬೇಕೋ ಬ್ಯಾಡೋ ಅಂತ ಹದಿನೈದ್ ದಿನ ವಿಚಾರ ಮಾಡಿದೆ. ಬರದ್ರ ಮಂದಿ ಏನಂತಾರ, ಇಷ್ಟ್ ಓದಿದಂವ ಅಂಗಡಿಗೆ ಹೋಗಿ ಟೋಪಿ ಹಾಕಿಸ್ಕೊಂಡ್ ಬಂದಾನ ಅಂತಾರ, ಅನ್ಲಿ. 26,500 ರೂಪಾಯಿ ಹೋಗೇತಿ, ಅದಕ್ಕಿಂತ ಹೆಚ್ಚಂದ್ರ ನಮ್ಮವ್ವಗ ಕರೆಂಟ್ ಹೊಡದೈತಿ, ಇನ್ ಸುಮ್ನ ಕುಂದ್ರಾಕ ಆಗಂಗಿಲ್ಲ.

ನಮ್ಮದು ಧಾರವಾಡ. ಹಾಲ್ 12 ಬೈ 14 ಅಷ್ಟ. ಐದ್ ವರ್ಷದ ಹಿಂದ ತಗೊಂಡ ಸಣ್ಣ ಎವಿಆರ್ ಐತಿ (ಟಿವಿ, ಸೆಟ್‌ಟಾಪ್ ಬಾಕ್ಸ್ ಸೌಂಡ್ ತಗೊಂಡ್ ಸ್ಪೀಕರ್‌ಗೆ ಕೊಡೂ ಡಬ್ಬಿ), 5.1, ಅಂದ್ರ ಐದ್ ಸ್ಪೀಕರ್, ಒಂದ್ ಸಬ್ ವೂಫರ್ ಹಚ್ಚಾಕ ಬರೂವಂಥಾದ್ದು, ಮುಂದ ಎರಡು ಟವರ್ ಸ್ಪೀಕರ್, 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೂ ತಡೆ), 100 ವ್ಯಾಟ್ ಅಂತ ಹಿಂದ ಬರದಾರ. ರವಿವಾರ ಅಪ್ಪಾರ ಸಂಗಾಟ ಕುಂತ್ ಪಿಚ್ಚರ್ ನೋಡೂದು, ಅಷ್ಟ ನನ್ನ ಶೋಕಿ. ಸೌಂಡ್ ಸ್ವಲ್ಪ ಬಿಗಿ ಬೇಕಂತ ಅನ್ಸತಿತ್ತು, ಹೈಫೈ ಆಂಪ್ಲಿಫೈಯರ್ ರೇಟ್ ನೋಡಿದ್ರ ಎದಿ ಒಡೀತೈತಿ, ಅದ ರೊಕ್ಕಕ್ಕ ಸ್ಟೇಜಿಗೆ ಹಚ್ಚೂ ಪ್ರೊಫೆಷನಲ್ ಆಂಪ್ಲಿಫೈಯರ್ ತಗೊಂಡ್ರ ನಾಕ್ ಪಟ್ಟು ವ್ಯಾಟ್ ಸಿಗ್ತೈತಿ ಅಂತ ಒಬ್ಬ ಗೆಳೆಯ ಅಂದ. ಮಾತ ಸುಳ್ಳಲ್ಲ, ಅದನ್ನೂ ಹೇಳ್ಬೇಕು. ಹಂಗ ಹಚ್ಚಿ ಆರಾಮ ಇರೋ ಮಂದಿನೂ ಅದಾರ.

ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಅಂಗಡಿ ಹೆಸರ ಹೇಳಂಗಿಲ್ಲ. ಗಣಪತಿ ಮೆರವಣಿಗಿ ಡಿಜೆ ಸೆಟ್ ಎಲ್ಲಾ ನಾವ ಕೊಡೂದು ಅಂತ ಶುರು ಮಾಡಿದ ಸಾವಕಾರ. ನಂದು ಮನಿಗಿರಿ, ಎವಿಆರ್‌ಗೆ ಹಚ್ಚೂದು, ಇಂಥಾ ಇಂಥಾ ಸ್ಪೀಕರ್ ಅದಾವ ಅಂತ ಸ್ಪಷ್ಟ ಹೇಳಿದೆ. ಮತ್ತ ಹೇಳ್ತೀನಿ, ಸ್ಪಷ್ಟ ಹೇಳಿದೆ. "ಹತ್ತೇ ಹತ್ತತೈತ್ರಿ ಸರ, ಎರಡ್ ಸಾವಿರ ವ್ಯಾಟ್, ಮನಿ ಗ್ವಾಡಿ ಅಳಗ್ಯಾಡ್ತಾವ" ಅಂದ. ಎವಿಆರ್ ಯಾವ ಮಾಡೆಲ್, ಹಿಂದ ಯಾವ ಔಟ್ ಅದಾವ, ಒಂದ್ ಫೋಟೋ ತೋರ್ಸ್ರಿ ಅಂತ ಅಂವ ಕೇಳ್ಲಿಲ್ಲ, ಕೆಲಸದ ಹುಡುಗನೂ ಕೇಳ್ಲಿಲ್ಲ. ಅಲ್ಲೇ ಹಚ್ಚಿ ತೋರ್ಸಿದ್ರು, ಶಟರ್ ಪೂರ್ತಿ ತಗದಿತ್ತು, ಹೊರಗ ಆಟೋ ಬಸ್ಸು ಹಾರ್ನು, ಒಳಗ ಡಿಜೆ ಹಾಡು. ಅದ್ರಾಗ ಫ್ಯಾನ್ ಸೌಂಡ್ ಯಾವ ಕಿವಿಗೆ ಕೇಳ್ತೈತ್ರಿ? ಜಿಎಸ್‌ಟಿ ಬಿಲ್ ಬೇಕಂದ್ರ 18 ಪರ್ಸೆಂಟ್ ಮ್ಯಾಲ ಆಗ್ತೈತಿ, ಯಾಕ್ ಸುಮ್ನ, ಎಸ್ಟಿಮೇಟ್ ಚೀಟಿ ಮ್ಯಾಲ ಸೀಲ್ ಹೊಡ್ದ್ ಕೊಡ್ತೀನಿ, ವಾರಂಟಿ ನಾ ಅದೀನಲ್ಲ ಅಂದ. ಹೂಂ ಅಂದೆ. ಇದು ನನ್ನ ತಪ್ಪು, ಒಪ್ಕೋತೀನಿ. ಡಬ್ಬಿ 20 ಕೆಜಿ ಮ್ಯಾಲೆ ಐತಿ, ಗಾಡಿ ಮಾಡ್ಕೊಂಡ್ ಬಂದೆ.

ಮನಿಗೆ ಬಂದ್ ನೋಡ್ತೀನಿ, ನನ್ನ ಎವಿಆರ್ ಹಿಂದ ಪ್ರಿ-ಔಟ್, ಅಂದ್ರ ಹೊರಗಿನ ಆಂಪ್ಲಿಫೈಯರ್‌ಗೆ ಸಣ್ಣ ಸಿಗ್ನಲ್ ಕೊಡೂ ಕಿಂಡಿ, ಇಲ್ಲೇ ಇಲ್ಲ. ಕಡಿಮಿ ರೇಟಿನ ಎವಿಆರ್‌ದಾಗ ಸಬ್ ವೂಫರ್‌ಗೆ ಒಂದ ಔಟ್ ಇರ್ತೈತಿ, ಫ್ರಂಟ್ ಸ್ಪೀಕರ್‌ಗೆ ಪ್ರಿ-ಔಟ್ ಇರಂಗಿಲ್ಲ, ಪ್ರಿ-ಔಟ್ ಇಲ್ದ ಹೊರಗಿನ ಆಂಪ್ಲಿಫೈಯರ್ ಎಲ್ಲಿ ಚುಚ್ಚೂದು? ಫೋನ್ ಮಾಡಿದೆ. "ಅಯ್ಯ ಅದಕ್ಕೊಂದ್ ಕನ್ವರ್ಟರ್ ಬರ್ತೈತ್ರಿ, 800 ರೂಪಾಯಿ, ಹುಡುಗನ ಕೈಯಾಗ ಕಳಿಸ್ತೀನಿ" ಅಂದ. ಕಾರಿಗೆ ಹಾಕ್ತಾರಲ್ಲ ಅಂಥಾ ಸಣ್ಣ ಡಬ್ಬಿ. ಎವಿಆರ್ ಸ್ಪೀಕರ್ ವೈರ್ ಅದಕ್ಕ ಕೊಡೂದು, ಅದರಿಂದ ಆಂಪ್ಲಿಫೈಯರ್‌ಗೆ. ಅಂದ್ರ ಎವಿಆರ್ ಸೌಂಡನ್ನ ದೊಡ್ಡದ ಮಾಡ್ತೈತಿ, ಡಬ್ಬಿ ಮತ್ತ ಸಣ್ಣದ ಮಾಡ್ತೈತಿ, ಈ 26 ಸಾವಿರದ್ದು ಮತ್ತ ದೊಡ್ಡದ ಮಾಡ್ತೈತಿ. ಇದನ್ನ ಬಿಡಿಸಿ ಹೇಳಿದ್ದು ಆಮ್ಯಾಲೆ ಒಬ್ಬ ತಿಳದಂವ, ಆವತ್ತ್ ನಾ ಹೂಂ ಅಂತ 800ನೂ ಕೊಟ್ಟೆ.

ರಾತ್ರಿ ಚಾಲೂ ಮಾಡಿದ್ವಿ. ಪಿಚ್ಚರ್ ಹಚ್ಚೂ ಮೊದ್ಲ ಫ್ಯಾನ್ ಭರ್ರ್ ಅಂತ ಶುರು ಆತು, ಕೂಲರ್ ಹಚ್ಚಿದಂಗ, ಸೌಂಡ್ ಇರ್ಲಿ ಬಿಡ್ಲಿ ಒಂದ ಸಮ ತಿರಗ್ತೈತಿ. ಸ್ಪೀಕರ್‌ನ್ಯಾಗಿಂದ ಗುಂಯ್ಯ್ ಅಂತ ಹಮ್. ಪಿಚ್ಚರ್‌ದಾಗ ಇಬ್ರು ಮೆಲ್ಲಕ ಮಾತಾಡೂ ಸೀನ್ ಬಂತಂದ್ರ ಮಾತ ಕೇಳವಲ್ದು, ಗುಂಯ್ ಮತ್ತ ಭರ್ರ್ ಅಷ್ಟ. ಅಪ್ಪಾರು ಹತ್ ನಿಮಿಷ ಕುಂತ್ರು, "ಹಳೇದ ಚಲೋ ಇತ್ತಲ್ಲೋ" ಅಂದು ಎದ್ದ್ ಹೋದ್ರು. ಆ ಮಾತು ಇನ್ನೂ ಹೊಟ್ಯಾಗ ಕುಂತೈತಿ.

ಮರುದಿನ ವಾಟ್ಸಾಪ್ ಮಾಡಿದೆ, ವಿಡಿಯೋ ಕಳಿಸ್ದೆ. ಬಂದ ಉತ್ತರ ಹಂಗ ಬರೀತೀನಿ. "ಪ್ರೊಫೆಷನಲ್ ಐಟಂ ಸರ, ಫ್ಯಾನ್ ಇರೂದ." ಹಮ್ ಬರ್ತೈತಲ್ಲ ಅಂದೆ. "ವಾಲ್ಯೂಮ್ ಏರಸ್ರಿ, ಕೇಳ್ಸಂಗಿಲ್ಲ." ಏರಿಸಿದ್ರ ಪಕ್ಕದ ಮನ್ಯಾರು ಬರ್ತಾರ್ರಿ ಅಂದೆ. ಬ್ಲೂ ಟಿಕ್, ಎರಡ್ ದಿನ ಉತ್ತರ ಇಲ್ಲ. ಮತ್ತ ಫೋನ್ ಮಾಡಿದ್ರ ಹುಡುಗ ಎತ್ತಿ, "ಪ್ಲಗ್ ಬಿಚ್ಚಿ ಹಸರ್ ವೈರ್ ತಗದ್ ಬಿಡ್ರಿ, ಅರ್ಥಿಂಗ್ ಹೋತಂದ್ರ ಹಮ್ ಹೋತು, ನಾವೆಲ್ಲಾ ಹಂಗ ಮಾಡೂದು" ಅಂದ.

ಮಾಡಿದೆ. ಹಮ್ ಖರೇನ ಕಡಿಮಿ ಆತು, ಅದಕ್ಕ ನಾ ಖುಷಿನೂ ಆದೆ. ಸೋಮವಾರ ಮುಂಜಾನೆ ಅವ್ವ ಹಸಿ ಅರಬಿ ತಗೊಂಡ್ ಟಿವಿ ಕಟ್ಟಿ ಒರಸಾಕ ಹೋಗ್ಯಾಳ, ಆಂಪ್ಲಿಫೈಯರ್ ಕಬ್ಬಿಣದ ಡಬ್ಬಿಗೆ ಕೈ ಹತ್ತಿ ಜುಂ ಅಂತ ಹೊಡದೈತಿ, ಚೀರಿದ್ಲು, ನಾ ಬಚ್ಚಲದಾಗ ಇದ್ದೆ, ಓಡಿ ಬಂದ್ ನೋಡಿದ್ರ ಕೈ ಹಿಡ್ಕೊಂಡ್ ನೆಲದ ಮ್ಯಾಲ ಕುಂತಾಳ. ದೇವ್ರ ದಯೆ, ಏನೂ ಆಗ್ಲಿಲ್ಲ. ಏನಾರ ಆಗಿದ್ರ? ಹಸರ್ ವೈರ್ ಇರೂದ ಅದಕ್ಕಲ್ಲ, ಡಬ್ಬಿಗೆ ಕರೆಂಟ್ ಬಂದ್ರ ನೆಲಕ್ಕ ಹರದ್ ಹೋಗ್ಲಿ ಅಂತ. ಅದನ್ನ ತಗೀರಿ ಅಂತ ಫೋನಿನ್ಯಾಗ ಹೇಳ್ತಾರ, ನಾ ಕೇಳ್ತೀನಿ.

ಗದಗದಾಗ ನಮ್ಮ ಸೋದರಮಾವನ ಮಗ ಮೈಕ್ ಸೆಟ್ ಕೆಲಸ ಮಾಡ್ತಾನ, ಮದುವಿ ಜಾತ್ರಿಗೆಲ್ಲಾ ಅಂವನ ಹಚ್ಚೂದು. ಮುಂದಿನ ರವಿವಾರ ಬಂದ. ಬಂದಾಂವ ಮೊದ್ಲ ಕೇಳಿದ್ದ "ಎವಿಆರ್ ಹಿಂದ ತಿರುಗ್ಸಪಾ, ನೋಡೂಣು" ಅಂತ. ಆ ಒಂದ್ ಮಾತಿಗೆ ನನಗ ಮಾರಿ ಕಪ್ಪಿಟ್ಟಂಗ ಆತು. ಇದ ಮಾತ ಅಂಗಡ್ಯಾಗ ಒಬ್ಬ ಕೇಳಿದ್ರ ನಾ ಇದನ್ನ ತಗೊಳ್ತಿರ್ಲಿಲ್ಲ.

ಅಂವ ಹಸರ್ ವೈರ್ ಮೊದ್ಲ ಹಾಕಿದ. ಆಮ್ಯಾಲ ಡಿಶ್ ಕೇಬಲ್ ಸೆಟ್‌ಟಾಪ್ ಬಾಕ್ಸಿನಿಂದ ತಗದ, ಗುಂಯ್ ಅನ್ನೂದು ಮುಕ್ಕಾಲ್ ಭಾಗ ನಿಂತ್ ಹೋತು! ಅರ್ತ್ ಎರಡ್ ಕಡೆಯಿಂದ ಬಂದು ಸುತ್ತ್ ಹಾಕ್ತೈತಿ, ಅದ ಹಮ್ ಅಂದ. ಅರ್ಥಿಂಗ್ ಕೀಳೂದಲ್ಲ, ಸಿಗ್ನಲ್ ವೈರಿನ ನಡುವ ಐಸೋಲೇಟರ್, ಅಂದ್ರ ಸೌಂಡ್ ಬಿಟ್ಟು ಆ ಸುತ್ತ್ ಅಷ್ಟ ಕಡಿಯೂ ಸಣ್ಣ ಡಬ್ಬಿ, ಹಾಕ್ಬೇಕಂತ. ಫ್ಯಾನ್ ಬಗ್ಗೆ ಕೇಳಿದೆ. ಸಿನಿಮಾ ಟಾಕೀಸಿನ್ಯಾಗೂ ಇಂಥಾ ಆಂಪ್ಲಿಫೈಯರ್ ಇರ್ತಾವ, ಆದ್ರ ಪ್ರೊಜೆಕ್ಟರ್ ರೂಮಿನ್ಯಾಗ ಇಡ್ತಾರ, ಮಂದಿ ಕುಂದ್ರೂ ಕಡೆ ಯಾರ್ ಇಡ್ತಾರಲೇ ಅಂದ.

ಆಮ್ಯಾಲ ಡಬ್ಬಿಯೊಳಗಿನ ಪುಸ್ತಕ ತಗದ. ನಾ ಅದನ್ನ ಬಿಚ್ಚಿರ್ಲೇ ಇಲ್ಲ. ರಟ್ಟಿನ ಮ್ಯಾಲ ದೊಡ್ಡದಾಗಿ 2000 ವ್ಯಾಟ್. ಪುಸ್ತಕದಾಗ 8 ಓಮ್‌ಗೆ ಒಂದೊಂದ್ ಚಾನೆಲ್‌ಗೆ (ಅಂದ್ರ ಒಂದ್ ಕಡಿ ಸ್ಪೀಕರ್‌ಗೆ) 400, 4 ಓಮ್‌ಗೆ 650, ಬ್ರಿಡ್ಜ್ ಮಾಡಿದ್ರ, ಅಂದ್ರ ಎರಡೂ ಚಾನೆಲ್ ಕೂಡಿಸಿ ಒಂದ ಮಾಡಿದ್ರ, 8 ಓಮ್‌ಗೆ 1300. 2000 ಅನ್ನೂದು ಇಡೀ ಪುಸ್ತಕದಾಗ ಎಲ್ಲೂ ಇಲ್ಲ. ಎರಡೆರಡ್ ಸಲ ಹುಡಿಕಿದ್ವಿ, ಇಲ್ಲ. ನನ್ನ ಸ್ಪೀಕರ್ 100 ವ್ಯಾಟಿಂದು, ಅದಕ್ಕ 400 ಏನ್ ಮಾಡ್ಲಿ ನಾ? ಅಂವ ಪೆನ್ ತಗೊಂಡ್ ಲೆಕ್ಕ ಬರದ: ನನ್ನ ಸ್ಪೀಕರ್ 1 ವ್ಯಾಟಿಗೆ 1 ಮೀಟರ್ ದೂರದಾಗ 88 ಡೆಸಿಬಲ್ ಕೊಡ್ತೈತಿ, ವ್ಯಾಟ್ ಡಬಲ್ ಆದ್ರ 3 ಡೆಸಿಬಲ್ ಏರ್ತೈತಿ, 16 ವ್ಯಾಟಿಗೆ 100 ಡೆಸಿಬಲ್ ಮುಟ್ಟತೈತಿ, ಅದ ಭಾಳ ಜೋರ್ ಸೌಂಡ್. ನನ್ನ ಸಣ್ಣ ಹಾಲ್‌ಗೆ ಹಳೇ ಎವಿಆರ್ ಬೇಕಾದಷ್ಟ ಇತ್ತು. ನನಗ ಕಡಿಮಿ ಇದ್ದದ್ದು ಬಾಸ್, ಅಂದ್ರ ದಪ್ಪ ದನಿ. ಅದಕ್ಕ ಒಂದ್ ಪವರ್ಡ್ ಸಬ್ ವೂಫರ್ (ತನ್ನೊಳಗ ಆಂಪ್ಲಿಫೈಯರ್ ಇರೋ ಬಾಸ್ ಸ್ಪೀಕರ್) ಬೇಕಾಗಿತ್ತು, ಅದಕ್ಕ ಎವಿಆರ್ ಹಿಂದ ಔಟ್ ಮೊದ್ಲಿಂದನೂ ಐತಿ.

ಆಂಪ್ಲಿಫೈಯರ್ ಹೊತ್ಕೊಂಡ್ ಮತ್ತ ಹುಬ್ಬಳ್ಳಿಗೆ ಹೋದೆ. "ನೀವ ಬೇಕಂದ್ರಿ, ನಾವ ಕೊಟ್ವಿ" ಅಂದ. ಮನಿಗೆ ಅಂತ ಹೇಳಿದ್ನಲ್ರಿ ಅಂದೆ. "ಮನಿಗೆ ಹಚ್ಚಾರ್ ಭಾಳ ಮಂದಿ ಅದಾರ, ಯಾರೂ ಹಿಂಗ ತಕರಾರ್ ಮಾಡಿಲ್ಲ." ಅವ್ವನ ವಿಷಯ ಹೇಳಿದೆ, ದನಿ ನಡಗತಿತ್ತು. "ಹುಡುಗ ಹೇಳಿರ್ಬೇಕು, ನಾ ಹೇಳಿಲ್ಲ" ಅಂದ. ಹುಡುಗ ಅಲ್ಲೇ ನಿಂತಿದ್ದ, ನೆಲ ನೋಡ್ಕೋತ ನಿಂತ, ಒಂದ್ ಮಾತಾಡ್ಲಿಲ್ಲ. ಕಡೀಕ ಸಾವಕಾರ ಏನಂದ ಗೊತ್ತೈತೇನ್ರಿ, "ಸೆಕೆಂಡ್ ಹ್ಯಾಂಡ್ ಆತಲ್ರಿ, 11 ಸಾವಿರಕ್ಕ ಬೇಕಾದ್ರ ಬಿಟ್ ಹೋಗ್ರಿ." ಹದಿನೇಳ್ ದಿನ ಆಗಿತ್ತು ಅಷ್ಟ! 1915ಕ್ಕ ಫೋನ್ ಮಾಡಿದೆ, ಗ್ರಾಹಕರ ಸಹಾಯವಾಣಿ. ಚಂದ ಮಾತಾಡಿದ್ರು, ಬಿಲ್ ನಂಬರ್ ಕೇಳಿದ್ರು. ನನ್ ಕೈಯಾಗ ಇದ್ದದ್ದು ಎಸ್ಟಿಮೇಟ್ ಚೀಟಿ, ಅದ್ರ ಮ್ಯಾಲೆ ಸಾಮಾನಿನ ಹೆಸರೂ ಪೂರ್ತಿ ಬರದಿಲ್ಲ, "ಸೌಂಡ್ ಐಟಂ - 1" ಅಂತ ಐತಿ.

ತಗೊಳ್ಳೋರು ತಗೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಎವಿಆರ್ ಹಿಂದ ಪ್ರಿ-ಔಟ್ ಐತೋ ಇಲ್ಲೋ ನೋಡ್ಕೊಂಡ್ ಹೋಗ್ರಿ. ಡಬ್ಬಿ ಮ್ಯಾಲಿನ ವ್ಯಾಟ್ ಅಲ್ಲ, ಪುಸ್ತಕದಾಗ 8 ಓಮ್‌ಗೆ ಎಷ್ಟ್ ಐತಿ ಓದ್ರಿ. ಶಟರ್ ಇಳಿಸಿ, ಹಾಡ್ ಬಂದ್ ಮಾಡಿ ಫ್ಯಾನ್ ಸೌಂಡ್ ಕೇಳ್ರಿ. ಪಕ್ಕಾ ಬಿಲ್ ಇಲ್ದ ಒಂದ್ ರೂಪಾಯಿ ಕೊಡಬ್ಯಾಡ್ರಿ. ಹಸರ್ ವೈರ್ ತಗೀರಿ ಅಂತ ಯಾವ ಮಗ ಹೇಳಿದ್ರೂ ಫೋನ್ ಇಟ್ಟ್ ಬಿಡ್ರಿ.

ಆಂಪ್ಲಿಫೈಯರ್ ಈಗ ಗದಗದಾಗ ಐತಿ, ಮಾವನ ಮಗ 14 ಸಾವಿರಕ್ಕ ಮೈಕ್ ಸೆಟ್ಟಿಗೆ ಇಟ್ಕೊಂಡಾನ, ನನ್ನ ಮಾರಿ ನೋಡಿ ಮೂರ್ ಸಾವಿರ ಹೆಚ್ಚ ಕೊಟ್ಟಾನ. ಮೊನ್ನೆ ಆಫೀಸಿನ್ಯಾಗ ಒಬ್ಬ ಹುಡುಗ ಹೇಳಾಕತ್ತಿದ್ದ, ಅದ ಅಂಗಡ್ಯಾಗ ಅದ ಆಂಪ್ಲಿಫೈಯರ್ ನೋಡ್ಕೊಂಡ್ ಬಂದೀನಿ, ಶನಿವಾರ ರೊಕ್ಕ ಕೊಟ್ಟ್ ತರಾಂವ ಅಂತ. ಎವಿಆರ್ ಹಿಂದಿನ ಫೋಟೋ ಕೇಳಿದ್ರೇನು ಅಂದೆ. ಇಲ್ಲ ಅಂದ. ಕುಂದ್ರಿಸಿ ಪೂರ್ತಿ ಹೇಳೀನಿ, ಹೋಗಿಲ್ಲ ಅಂವ.