ಹುಡುಗರನ್ನು ದೊಡ್ಡವರ ಕೋರ್ಟಿಗೆ ಕಳಿಸುವವರು ಯಾರು? ಫ್ಲಾರಿಡಾ, ಕ್ಯಾಲಿಫೋರ್ನಿಯಾ ಹೋಲಿಕೆ

ಅಮೆರಿಕದಲ್ಲಿ ಅಪರಾಧದ ಆರೋಪ ಹೊತ್ತ 18 ತುಂಬದ ಹುಡುಗರ ಕೇಸು ಸಾಮಾನ್ಯವಾಗಿ ಮಕ್ಕಳ ಕೋರ್ಟಿನಲ್ಲಿ ನಡೆಯುತ್ತದೆ; ಕೆಲವರನ್ನು ಮಾತ್ರ ದೊಡ್ಡವರ ಕೋರ್ಟಿಗೆ ಕಳಿಸುತ್ತಾರೆ. ಅದನ್ನು ತೀರ್ಮಾನಿಸಬೇಕಾದವರು ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲ) ಆಗಿರಬೇಕೋ, ಜಡ್ಜ್ ಆಗಿರಬೇಕೋ? ಅಲ್ಲಿ ಮತ ಹಾಕುವ ಕನ್ನಡಿಗರು ಈ ಎರಡು ದಾರಿಗಳಲ್ಲಿ ಯಾವುದನ್ನು ಬೆಂಬಲಿಸಬೇಕು?

ಫ್ಲಾರಿಡಾದಲ್ಲಿ ನಿರ್ಧಾರ ಪ್ರಾಸಿಕ್ಯೂಟರ್ ಕೈಯಲ್ಲಿದೆ. 16, 17 ವರ್ಷದವರಾದರೆ ಬಹುತೇಕ ಯಾವ ಗಂಭೀರ ಅಪರಾಧಕ್ಕೂ ನೇರವಾಗಿ ದೊಡ್ಡವರ ಕೋರ್ಟಿನಲ್ಲಿ ಕೇಸು ಹಾಕಬಹುದು. ಕೆಲವು ಅಪರಾಧಗಳಿಗೆ 14ರ ಹುಡುಗರ ಮೇಲೂ ಹಾಕಬಹುದು. ಮೊದಲು ಜಡ್ಜ್ ಮುಂದೆ ವಿಚಾರಣೆಯೇ ಇಲ್ಲ. ಹೀಗೆ ಹೋಗುವವರಲ್ಲಿ ಕಪ್ಪು ಹುಡುಗರ ಪಾಲು, ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ತುಂಬಾ ಜಾಸ್ತಿ. ಮುಚ್ಚಿದ ಬಾಗಿಲ ಹಿಂದಿನ ತೀರ್ಮಾನದಲ್ಲಿ ಪೂರ್ವಗ್ರಹ ನುಸುಳಿದರೆ ಕೇಳುವವರು ಯಾರು? ಶಿಕ್ಷೆ ಕೊಡುವಾಗ ಜಡ್ಜ್ ಮಕ್ಕಳ ಶಿಕ್ಷೆಯನ್ನೇ ಕೊಡಬಹುದು ನಿಜ. ಆದರೆ ಅಷ್ಟರಲ್ಲಿ ಹುಡುಗ ಎಷ್ಟೋ ಕಳೆದುಕೊಂಡಿರುತ್ತಾನೆ.

ಕ್ಯಾಲಿಫೋರ್ನಿಯಾದಲ್ಲೂ 2000ರಿಂದ ಪ್ರಾಸಿಕ್ಯೂಟರ್‌ಗೆ ಇಂಥದೇ ದೊಡ್ಡ ಅಧಿಕಾರ ಇತ್ತು. 2016ರಲ್ಲಿ ಮತದಾರರೇ ಪ್ರಪೊಸಿಷನ್ 57 (ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವ) ಮೂಲಕ ಅದನ್ನು ಕಿತ್ತುಹಾಕಿದರು. ಈಗ ತೀರ್ಮಾನ ಜಡ್ಜ್ ಕೈಯಲ್ಲಿದೆ; ಅವರು ಹುಡುಗನ ವಯಸ್ಸು, ಬೆಳೆದ ಮನೆ, ಅನುಭವಿಸಿದ ಆಘಾತ, ತಿದ್ದಿಕೊಳ್ಳುವ ಸಾಧ್ಯತೆ ಎಲ್ಲವನ್ನೂ ನೋಡಬೇಕು. 2018ರ ಕಾನೂನು ಬಂದ ಮೇಲೆ 14, 15 ವರ್ಷದವರನ್ನು ದೊಡ್ಡವರ ಕೋರ್ಟಿಗೆ ಕಳಿಸುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಹಾಗಂತ ಅಲ್ಲಿ ತಾರತಮ್ಯ ಮಾಯವಾಗಿಲ್ಲ. ಕಪ್ಪು, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರ ಪಾಲು ಇನ್ನೂ ಜಾಸ್ತಿಯೇ. ಪೊಲೀಸರು ಯಾರನ್ನು ಹಿಡಿಯುತ್ತಾರೆ ಎಂಬಲ್ಲಿಂದಲೇ ಅದು ಶುರುವಾಗುತ್ತದಲ್ವಾ?

ಆದರೂ ನನ್ನ ಆಯ್ಕೆ ಕ್ಯಾಲಿಫೋರ್ನಿಯಾದ ದಾರಿ. ಅಲ್ಲಿ ಕಾರಣ ದಾಖಲಾಗುತ್ತದೆ, ವಕೀಲರು ವಾದಿಸಬಹುದು. ಫ್ಲಾರಿಡಾದಲ್ಲಿರುವವರು ಸ್ಟೇಟ್ ಅಟಾರ್ನಿ (ಅಲ್ಲಿ ಜನ ಆರಿಸುವ ಮುಖ್ಯ ಪ್ರಾಸಿಕ್ಯೂಟರ್) ಚುನಾವಣೆಯನ್ನು ಸುಮ್ನೆ ಬಿಡಬೇಡಿ. ಎಷ್ಟು ಹುಡುಗರನ್ನು ಕಳಿಸಿದಿರಿ, ಯಾವ ಜನಾಂಗದವರು, ಏಕೆ ಅಂತ ಅಭ್ಯರ್ಥಿಯನ್ನೇ ಕೇಳಿ.